ಹತ್ತಿ ಬೆಳೆಯದ ಹತ್ತಿಯೂರು

ಕುಮಟೆಯಿಂದ ಉತ್ತರಾಭಿಮುಖವಾಗಿ ಹೊರಟು, ವನ್ನಳ್ಳಿ, ಬಾಡ, ಕಾಗಾಲಗಳ ಮಳಲ ಹಾದಿಯನ್ನು ಹಿಡಿದು ಅಘನಾಶಿನಿಯ ಅಳಿವೆಯವರೆಗೂ, ಅಲ್ಲಿ ತಾರಿ ದಾಟಿ ತದಡಿಯ ಮೇಲಿಂದ ಗೋಕರ್ಣದವರೆಗೂ ನಡೆದುಹೋಗುವವನಿಗೆ ಮಾಘ ಫಾಲ್ಗುಣಗಳಲ್ಲಿ ಗಾಳಿಯೇ ಗಡಿಯಾರ. ಬೆಳಗಿನ ಜಾವ ಘಟ್ಟದಿಂದಿಳಿದ ನೆಲಗಾಳಿ ಬಲಗೆನ್ನೆಯನ್ನು ಸೋಕುತ್ತದೆ. ಹೊತ್ತೇರಿದಂತೆ ಅದು ಅಡಗಿ, ಅಪರಾಹ್ಣದಲ್ಲಿ ವಾಯವ್ಯದಿಂದೆದ್ದ ಕಡಲಗಾಳಿ ಮಳಲನ್ನು ಮುಖಕ್ಕೇ ಎರಚುತ್ತದೆ. ಈ ಎರಡು ಗಾಳಿಗಳನ್ನೇ ನೆಚ್ಚಿ, ಇರುಳು ಒಂದಕ್ಕೆ ಹಾಯಿ ಬಿಚ್ಚಿ, ಹಗಲು ಇನ್ನೊಂದರೊಡನೆ ಹೆಣಗುತ್ತ, ದಡವನ್ನು ಬಹುದೂರ ಅಗಲದೆ ಮುಂಬಯಿಗೆ ಸಾಗುತ್ತಿದ್ದ ಪತ್ತೆಮಾರಿಗಳು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇಲ್ಲಿಂದ ಹೊತ್ತೊಯ್ದ ಮುಖ್ಯವಾದ ಸರಕು ಹತ್ತಿ.

ಆ ಹತ್ತಿ ಕುಮಟೆಯ ನೆಲದಲ್ಲಿ ಬೆಳೆದುದಲ್ಲ. ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿಡಿಸಿದ ಹತ್ತಿಯ ಅರಳೆಯನ್ನು ಅಂಡಿಗೆಗಳಲ್ಲಿ ತುಂಬಿ, ಹೇರೆತ್ತುಗಳ ಬೆನ್ನಿಗೇರಿಸಿ, ಶಿರಸಿಯ ಕಾಡುಗಳನ್ನು ಹಾದು, ದೇವಿಮನೆ ಘಟ್ಟವನ್ನಿಳಿಸಿ ತರುತ್ತಿದ್ದರು. ಸುಗ್ಗಿ ಮುಗಿಯುವುದಕ್ಕೂ ಮುಂಗಾರು ಮಾರುತ ಕಡಲನ್ನು ಮುಚ್ಚುವುದಕ್ಕೂ ನಡುವಣ ಅವಧಿ ಅತ್ಯಲ್ಪ. ಅಷ್ಟರೊಳಗೆ ಹಡಗೇರದ ಅರಳೆ ಮಳೆಗಾಲವೆಲ್ಲ ದಡದಲ್ಲಿಯೇ ಕಾಯಬೇಕು. ದಡದುದ್ದಕ್ಕೂ ಸಾಗಿಸೋಣವೆಂದರೆ ಕೆಲವೇ ಹರಿದಾರಿಗೊಂದು ಅಳಿವೆ ಅಡ್ಡ. ಇಳಿತದ ಹೊತ್ತಿನಲ್ಲಿ ಅಘನಾಶಿನಿಯ ತಾರಿಯವನು ದೋಣಿಯ ಮೂತಿಯನ್ನು ತದಡಿಗೆ ನೇರವಾಗಿ ಹಿಡಿಯದೆ ಮಿರ್ಜಾನಿನ ಕಡೆಗೆ ಓರೆಮಾಡಿ, ಸೆಳೆತ ತನ್ನನ್ನು ಕೆಳಕ್ಕೆ ತಳ್ಳುವಷ್ಟನ್ನು ಮೊದಲೇ ಲೆಕ್ಕಹಾಕಿ ಎದುರು ದಡ ಮುಟ್ಟುವುದನ್ನು ನೋಡಿದವರಿಗೆ, ಹತ್ತಿಯ ಹೇರುಗಳು ಈ ಹಾದಿಯನ್ನೇಕೆ ತುಳಿಯಲಿಲ್ಲವೆಂದು ವಿವರಿಸಬೇಕಾಗಿಲ್ಲ. ಕುಮಟೆಯೂ ಸುರಕ್ಷಿತವಾದ ರೇವಲ್ಲ, ಬಯಲು ಕರೆ. ಅದರ ಐಶ್ವರ್ಯಕ್ಕೆ ಕಾರಣ ಕಡಲಲ್ಲ, ಘಟ್ಟ ಎಂಬುದು ನನ್ನ ಅಭಿಪ್ರಾಯ. ಆದರೂ ಇಂಗ್ಲೆಂಡಿನ ಪೇಟೆಗಳಲ್ಲಿ ಧಾರವಾಡದ ನಾಟಿಹತ್ತಿಗೆ ಕುಮಟೆಯ ಹೆಸರೇ ನಿಂತಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ, ದಕ್ಷಿಣದ ರೇವುಗಳಿಗೆ ದಿಗ್ಬಂಧನ ಬಿದ್ದು, ಲ್ಯಾಂಕಷೈರಿನ ಗಿರಣಿಗಳು ಹತ್ತಿಗಾಗಿ ಹಾಹಾಕಾರವೆಬ್ಬಿಸಿದಾಗ ಅವುಗಳ ಒಡೆಯರ ದೃಷ್ಟಿ ಈ ತೀರದ ಮೇಲೆ ಬಿತ್ತು. ದ್ವೀಪಗಳ ಮರೆಯಲ್ಲಿರುವ ಕಾರವಾರವನ್ನು ಹತ್ತಿಯ ಬಂದರಾಗಿಸಬೇಕೆಂಬ ಒತ್ತಾಯ ಪ್ರಬಲವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಒಂದೇ ಕರಾವಳಿಯನ್ನು ಎರಡು ಪ್ರಾಂತಗಳಿಗೆ ಹಂಚಿದ ಈ ಕಾರ್ಯದಲ್ಲಿ ಇಲ್ಲಿನ ಜನರ ಇಚ್ಛೆಗಿಂತ ಮ್ಯಾಂಚೆಸ್ಟರಿನ ಅವಸರವೇ ಹೆಚ್ಚಿನದಾಗಿತ್ತೆಂದರೆ ತಪ್ಪಾಗಲಾರದು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಕಾರವಾರಕ್ಕೆ ರೈಲು ಬರಲಿಲ್ಲ. 1880ರ ದಶಕದಲ್ಲಿ ರೈಲು ಘಟ್ಟವಿಳಿದದ್ದು ಗೋವೆಯ ಮುರಗಾಂವಿಗೆ. ಧಾರವಾಡದ ಹತ್ತಿಯೂ ರೈಲನ್ನು ಹಿಡಿಯಿತು, ಕುಮಟೆಯ ವ್ಯಾಪಾರ ಸೊರಗಿತು.

ಈಗ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಕುಮಟೆಯನ್ನು ಹಾದುಹೋಗುತ್ತದೆ. ಧಾರವಾಡದ ಬಯಲಿನಿಂದ ಉತ್ತರ ಕನ್ನಡದ ಕರೆಗೆ ನೇರವಾಗಿ ಇಳಿಯುವ ರೈಲು ಮಾತ್ರ ಇಂದಿಗೂ ಇಲ್ಲ.