ತಿರುಮುಕ್ಕೂಡಲಿನ ಆತುರಶಾಲೆ ಮತ್ತು ಅದರ ಸಂಬಳದ ಪಟ್ಟಿ

ಪಾಲಾರ್, ಚೆಯ್ಯಾರ್ ಮತ್ತು ವೇಗವತಿ ನದಿಗಳು ಕೂಡುವಲ್ಲಿ, ಕಾಂಚೀಪುರ ಜಿಲ್ಲೆಯ ತಿರುಮುಕ್ಕೂಡಲಿನಲ್ಲಿ, ವೆಂಕಟೇಶ ಪೆರುಮಾಳ್ ದೇವಾಲಯವಿದೆ. ಅದರ ಗೋಡೆಯ ಮೇಲೆ ಚೋಳ ದೊರೆ ವೀರರಾಜೇಂದ್ರನ ಕಾಲದ, ಸುಮಾರು 1068ರ, ಉದ್ದನೆಯ ಶಾಸನವೊಂದುಂಟು. ಕೂಡಲಸಂಗಮದ ಕದನದಲ್ಲಿ ಕಲ್ಯಾಣದ ಚಾಲುಕ್ಯರನ್ನು ಗೆದ್ದೆನೆಂದು ತನ್ನ ಪ್ರಶಸ್ತಿಗಳಲ್ಲಿ ಹೇಳಿಕೊಂಡ ದೊರೆ ಈತನೇ. ಆದರೆ ಈ ಶಾಸನದ ನಿಜವಾದ ಬೆಲೆಯಿರುವುದು ಯುದ್ಧದ ಮಾತಿನಲ್ಲಲ್ಲ, ಖರ್ಚಿನ ಲೆಕ್ಕದಲ್ಲಿ. ದೇವಾಲಯಕ್ಕೆ ಸೇರಿದ ಒಂದು ವೇದಪಾಠಶಾಲೆ, ಅಲ್ಲಿನ ವಿದ್ಯಾರ್ಥಿಗಳ ಊಟ, ಶನಿವಾರದ ಎಣ್ಣೆಸ್ನಾನ, ಇವುಗಳ ಜೊತೆಗೇ ‘ವೀರಚೋಳ’ನ ಹೆಸರಿನ 15 ಹಾಸಿಗೆಗಳ ಆತುರಶಾಲೆಯನ್ನು, ಅಂದರೆ ಆಸ್ಪತ್ರೆಯನ್ನು, ನಡೆಸುವ ವ್ಯವಸ್ಥೆಯನ್ನೂ ಅದು ವಿವರಿಸುತ್ತದೆ. ಒಬ್ಬ ವೈದ್ಯ, ಒಬ್ಬ ಶಸ್ತ್ರಚಿಕಿತ್ಸಕ, ಗಿಡಮೂಲಿಕೆ ಮತ್ತು ಸೌದೆ ತಂದು ಔಷಧ ಅಣಿಮಾಡುವ ಇಬ್ಬರು, ರೋಗಿಗಳ ಶುಶ್ರೂಷೆಗೆ ಇಬ್ಬರು ಹೆಂಗಸರು, ಒಬ್ಬ ಕ್ಷೌರಿಕ, ನೀರು ಹೊರಲು ಒಬ್ಬ: ಕೈಬೆರಳೆಣಿಕೆಯ ಜನ ದಿನವಿಡೀ ಒಬ್ಬರಿಗೊಬ್ಬರು ಎದುರಾಗುತ್ತಲೇ ದುಡಿಯಬೇಕಾದ ಜಾಗ. ಇಂಥ ಸಣ್ಣ ಜಾಗದಲ್ಲಿ ಮನಸ್ತಾಪ ಬಂದರೆ ತಪ್ಪಿಸಿಕೊಂಡು ಹೋಗಲು ಇನ್ನೊಂದು ವಿಭಾಗ ಇರುವುದಿಲ್ಲ. ಹಾಗಾದರೆ ಅವರನ್ನು ಒಟ್ಟಿಗೆ ಹಿಡಿದಿಡುವುದು ಯಾವುದು?

ನಮ್ಮ ವೈದ್ಯಗ್ರಂಥಗಳು ಈ ಪ್ರಶ್ನೆಗೆ ಸ್ವಭಾವದ ಕಡೆಯಿಂದ ಉತ್ತರಿಸುತ್ತವೆ. ಚರಕಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಉಪಚಾರದ ಅರಿವು, ದಕ್ಷತೆ, ಒಡೆಯನ ಮೇಲೆ ಪ್ರೀತಿ, ಶುಚಿತ್ವ ಇರಬೇಕು ಎನ್ನುತ್ತದೆ. ಸುಶ್ರುತ ಇನ್ನೂ ಮುಂದೆ ಹೋಗಿ, ಸ್ನೇಹಶೀಲ, ಹೇಸಿಗೆಪಡದವ, ಬಲವಂತ, ವೈದ್ಯನ ಮಾತಿನಂತೆ ನಡೆಯುವವ, ದಣಿಯದವ ಎಂದು ಪಟ್ಟಿಮಾಡುತ್ತಾನೆ. ಚರಕದಲ್ಲೇ ಬರುವ ಆರೋಗ್ಯಗೃಹದ ವರ್ಣನೆಯಂತೂ ಬಹಳ ಸೊಗಸಾದದ್ದು. ಗಂಜಿ, ಸಾರು ಬೇಯಿಸಬಲ್ಲವರು, ಸ್ನಾನ ಮಾಡಿಸಬಲ್ಲವರು, ಮೈ ನೀವಬಲ್ಲವರು, ರೋಗಿಯನ್ನು ಎಬ್ಬಿಸಿ ಮಲಗಿಸಬಲ್ಲವರು, ಮದ್ದು ಅರೆಯಬಲ್ಲವರು, ಯಾವ ಕೆಲಸಕ್ಕೂ ಒಲ್ಲೆ ಎನ್ನದವರು ಅಲ್ಲಿರಬೇಕು. ಹಾಡುವವರು, ಕಥೆ ಹೇಳುವವರೂ ಬೇಕು. ಈ ಗುಣಗಳೆಲ್ಲ ಬೇಕಾದವೇ. ಆದರೆ ಗುಣವಂತರು ಸೇರಿದಲ್ಲೆಲ್ಲ ಹೊಂದಾಣಿಕೆ ತಾನಾಗಿ ಹುಟ್ಟುತ್ತದೆ ಎಂದು ನಂಬಲು ಕಾರಣವಿಲ್ಲ. ಒಲ್ಲೆ ಎನ್ನದವನ ಮೇಲೇ ಎಲ್ಲರ ಕೆಲಸ ಬೀಳುತ್ತದೆ. ದಣಿಯದವನನ್ನೇ ಎಲ್ಲರೂ ದಣಿಸುತ್ತಾರೆ. ಒಳ್ಳೆಯತನ ಎಲ್ಲಿಯವರೆಗೆ, ಕರ್ತವ್ಯ ಎಲ್ಲಿಂದ ಎಂಬುದನ್ನು ಯಾರಾದರೂ ಗೆರೆ ಎಳೆದು ಹೇಳಬೇಕಾಗುತ್ತದೆ.

ತಿರುಮುಕ್ಕೂಡಲಿನ ಶಾಸನ ಆ ಗೆರೆ ಎಳೆಯುತ್ತದೆ. ಅದು ಯಾರ ಶೀಲವನ್ನೂ ಕೊಂಡಾಡುವ ಗೋಜಿಗೆ ಹೋಗುವುದಿಲ್ಲ. ಯಾರು ಏನು ಮಾಡಬೇಕು, ಅದಕ್ಕೆ ಏನು ಸಿಗುತ್ತದೆ ಎಂದಷ್ಟೇ ಹೇಳುತ್ತದೆ. ವೈದ್ಯನಿಗೆ ವರ್ಷಕ್ಕೆ 90 ಕಲಂ ಭತ್ತ, 8 ಕಾಸು. ಶಸ್ತ್ರಚಿಕಿತ್ಸಕನಿಗೆ 30 ಕಲಂ. ಉಳಿದವರ ಪಾಲೂ ನಿಗದಿಯಾಗಿದೆ. ವರ್ಷವಿಡೀ ದಾಸ್ತಾನಿರಬೇಕಾದ ಔಷಧಗಳ ಹೆಸರುಗಳನ್ನೂ ಕೆತ್ತಲಾಗಿದೆ: ವಾಸಾಹರೀತಕಿ, ದಶಮೂಲಹರೀತಕಿ, ಬಿಲ್ವಾದಿ ಘೃತ ಮೊದಲಾದವು. ಕೆಲಸದ ಮನೆಯಲ್ಲಿ ಕಲಹ ಹುಟ್ಟುವುದು ಹೆಚ್ಚಾಗಿ ಎರಡು ಕೆಲಸಗಳ ನಡುವಿನ ಗಡಿಯಲ್ಲಿ ಎಂಬುದನ್ನು ನೆನೆದರೆ ಈ ವಿವರಗಳ ತೂಕ ತಿಳಿಯುತ್ತದೆ. ಸೌದೆ ಮುಗಿದರೆ ಕಷಾಯ ಕಾಯುವುದಿಲ್ಲ. ಕಷಾಯವಿಲ್ಲದಿದ್ದರೆ ಶುಶ್ರೂಷೆಯ ಹೆಂಗಸು ರೋಗಿಯ ಬೈಗುಳ ಕೇಳಬೇಕು. ರೋಗಿ ದೂರಿದರೆ ವೈದ್ಯ ಯಾರನ್ನು ಕೇಳಬೇಕು? ಸೌದೆ ತರುವುದು ಔಷಧ ಅಣಿಮಾಡುವವರದೇ ಹೊಣೆ ಎಂದು ಬರೆದಿಟ್ಟ ಕಡೆ ಈ ಜಗಳ ಆರಂಭದಲ್ಲೇ ನಿಲ್ಲುತ್ತದೆ. ಚಿಕ್ಕ ಸಂಸ್ಥೆಯ ಸಾಮರಸ್ಯಕ್ಕೆ ಮೊದಲ ಆಧಾರ ಸಿಹಿಮಾತಲ್ಲ, ಎಲ್ಲರಿಗೂ ಗೊತ್ತಿರುವ ಕೆಲಸದ ಹಂಚಿಕೆ ಮತ್ತು ಎಲ್ಲರಿಗೂ ಗೊತ್ತಿರುವ ಕೂಲಿ ಎಂಬುದೇ ನನ್ನ ವಾದ.

ಇದಕ್ಕೆ ಗಟ್ಟಿಯಾದ ಆಕ್ಷೇಪವಿದೆ. ಒಬ್ಬನಿಗೆ 90, ಇನ್ನೊಬ್ಬನಿಗೆ 30 ಎಂದ ಮೇಲೆ ಸಾಮರಸ್ಯದ ಮಾತೆಲ್ಲಿ? ಶಾಸ್ತ್ರ ಓದಿದವನಿಗೂ ಕತ್ತಿ ಹಿಡಿದವನಿಗೂ ನಡುವೆ ಇಷ್ಟು ಅಂತರ ಇಟ್ಟದ್ದರಲ್ಲಿ ಕೌಶಲದ ಬೆಲೆಗಿಂತ ಹುಟ್ಟಿನ ಮೇಲುಕೀಳೇ ಹೆಚ್ಚು ಕೆಲಸ ಮಾಡಿರಬಹುದು. ಅದನ್ನು ಸಮರ್ಥಿಸುವುದು ಸಾಧ್ಯವಿಲ್ಲ, ಸಮರ್ಥಿಸಬೇಕಾಗಿಯೂ ಇಲ್ಲ. ಆದರೂ ಗುಟ್ಟಾಗಿಟ್ಟ ಅಸಮಾನತೆಗೂ ಗೋಡೆಯ ಮೇಲೆ ಕೆತ್ತಿದ ಅಸಮಾನತೆಗೂ ವ್ಯತ್ಯಾಸವಿದೆ. ಕೆತ್ತಿದ್ದನ್ನು ಪ್ರಶ್ನಿಸಬಹುದು, ಹೋಲಿಸಬಹುದು. ಕೊಡಬೇಕಾದುದರಲ್ಲಿ ಮುಕ್ಕಾಗಿದ್ದರೆ ತೋರಿಸಿ ಕೇಳಬಹುದು. ಗುಟ್ಟಾದ ಕೂಲಿ ಅನುಮಾನವನ್ನಷ್ಟೇ ಬೆಳೆಸುತ್ತದೆ. ಇನ್ನೊಂದು ಆಕ್ಷೇಪ: ಶಾಸನ ಹೇಳುವುದು ದಾನಿಗಳ ಅಪ್ಪಣೆಯನ್ನು, ನಡೆದ ಬದುಕನ್ನಲ್ಲ. ನಿಜ. ಆ ಎಂಟು ಜನ ಹೇಗೆ ಬಾಳಿದರು ಎಂಬುದನ್ನು ಈ ಕಲ್ಲು ಹೇಳುವುದಿಲ್ಲ. ಆದರೆ ಏನನ್ನು ಮುಂಚೆಯೇ ಇತ್ಯರ್ಥ ಮಾಡಿಡಬೇಕೆಂದು ಅದನ್ನು ಬರೆಸಿದವರಿಗೆ ಅನಿಸಿತ್ತು ಎಂಬುದನ್ನು ಅದು ನಿಸ್ಸಂದೇಹವಾಗಿ ಹೇಳುತ್ತದೆ, ಮತ್ತು ನನ್ನ ವಾದಕ್ಕೆ ಅಷ್ಟು ಸಾಕು.

ಕನ್ನಡ ನಾಡಿನ ದಾಖಲೆಯೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಎದ್ದು ಕಾಣುತ್ತದೆ. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನ, ಆ ಮಠ ವ್ಯಾಕರಣಗಳ ವ್ಯಾಖ್ಯಾನದ ತಾಣ, ದೀನ ಅನಾಥರಿಗೆ ಅನ್ನದಾನದ ತಾಣ, ರೋಗಿಗಳಿಗೆ ಔಷಧೋಪಚಾರದ ತಾಣ ಎಂದು ಮನತುಂಬಿ ವರ್ಣಿಸುತ್ತದೆ. ಅದರಲ್ಲಿರುವ ಕರುಣೆ ದೊಡ್ಡದು. ಆದರೆ ಆ ವರ್ಣನೆಯಲ್ಲಿ ಕಷಾಯ ಕುದಿಸಿದವರಿಲ್ಲ, ಹಾಸಿಗೆ ಬದಲಿಸಿದವರಿಲ್ಲ. ಸೇವೆಯನ್ನು ಹೊಗಳುತ್ತ ಸೇವೆ ಮಾಡಿದವರನ್ನು ಮರೆಯುವ ಈ ಅಭ್ಯಾಸ ಹಳೆಯದು, ಮತ್ತು ಅದು ಇನ್ನೂ ಹೋಗಿಲ್ಲ ಎಂಬುದು ನೋವಿನ ಸಂಗತಿ.

ಹಾಗೆಂದು ಪ್ರೀತಿ, ಹೊಂದಿಕೆಗಳು ಕೇವಲ ಅಲಂಕಾರ ಎನ್ನಲಾಗದು. ಇಂದಿನ ಪಂಚಕರ್ಮ ಕೇಂದ್ರಗಳಲ್ಲಿ ಚಿಕಿತ್ಸೆಯ ಮಂಚವಾದ ದ್ರೋಣಿಯ ಎರಡು ಬದಿಗೆ ನಿಂತು ಅಭ್ಯಂಗ ಮಾಡುವ ಇಬ್ಬರ ಕೈಗಳು ಒಂದೇ ವೇಗದಲ್ಲಿ, ಒಂದೇ ಒತ್ತಡದಲ್ಲಿ ಚಲಿಸಬೇಕು. ಪಿಳಿಚ್ಚಿಲ್‌ನಲ್ಲಿ ಬೆಚ್ಚಗಿನ ಎಣ್ಣೆಯನ್ನು ಮೈಮೇಲೆ ಹಿಂಡುವವರೂ ಎಣ್ಣೆಯ ಬಿಸಿ ಕಾಯ್ದುಕೊಡುವವರೂ ಒಬ್ಬರ ಮೇಲೊಬ್ಬರು ಗಮನವಿಡಬೇಕು. ಮುನಿಸಿಕೊಂಡ ಕೈಗಳ ವ್ಯತ್ಯಾಸ ಮಲಗಿದವರ ಮೈಗೆ ತಿಳಿಯುತ್ತದೆ. ಇಲ್ಲಿ ಸುಶ್ರುತ ಕೇಳಿದ ಸ್ನೇಹ ಚಿಕಿತ್ಸೆಯ ಭಾಗವೇ. ಅದನ್ನು ಕೇಳುವ ಮೊದಲು ಸಂಸ್ಥೆ ತಾನೇನು ಕೊಡುತ್ತದೆ ಎಂಬ ಪ್ರಶ್ನೆಗೆ ತಿರುಮುಕ್ಕೂಡಲಿನ ಶಾಸನದಲ್ಲಿ ಇನ್ನೂ ಒಂದು ಉತ್ತರವಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಲ್ಲಿನ ವೈದ್ಯ ಮದ್ದು ಕೊಡಬೇಕಾಗಿದ್ದುದು ವೇದ ಕಲಿಯುವ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಆ ಸಂಸ್ಥೆಯಲ್ಲಿ ದುಡಿಯುವವರಿಗೂ.