ಮರಕ್ಕಿಷ್ಟು ಎಂಬ ದರ: ಮರಗಣತಿ ಆ್ಯಪ್‌ಗಳು ನಡೆದು ಬಂದ ದಾರಿ

ಡ್ರೋನ್ ಹಾರಿಸಿ, ಕೃತಕ ಬುದ್ಧಿಮತ್ತೆಗೆ ಚಿತ್ರ ಉಣಿಸಿದರೆ ಊರಿನ ಮರಗಳೆಲ್ಲ ವಾರದೊಳಗೆ ಪರದೆಯ ಮೇಲೆ ಬಂದು ಕೂರುತ್ತವೆ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಮೇಲಿನಿಂದ ಕಾಣುವುದು ನೆತ್ತಿ ಮಾತ್ರ. ಆರ್ಬರಿಸ್ಟ್‌ಗೆ, ಎಂದರೆ ಮರದ ಆರೋಗ್ಯ ನೋಡುವ ತಜ್ಞನಿಗೆ, ಬೇಕಾದದ್ದು ಬುಡ: ಅಲ್ಲಿ ಅಣಬೆ ಎದ್ದಿದೆಯೇ, ಕವಲು ಸೀಳಿದೆಯೇ, ಕಾಂಕ್ರೀಟು ಕಾಂಡವನ್ನು ಒತ್ತುತ್ತಿದೆಯೇ. ಎಣಿಕೆಯೇ ಗಣತಿ ಎಂಬ ಈ ತಪ್ಪು ತಿಳಿವಳಿಕೆ ಹೊಸದಲ್ಲ. ಮರಗಣತಿಯ ತಂತ್ರಾಂಶಗಳಿಗೆ ಬೆಲೆ ಕಟ್ಟುವ ರೀತಿಯೊಳಗೇ ಅದು ಮೊದಲಿನಿಂದ ಸೇರಿಕೊಂಡಿದೆ.

ಆರಂಭದ ಕಾಲಕ್ಕೆ ಹೆಚ್ಚು ಮಾತು ಬೇಡ. ಕಾಗದದ ನಮೂನೆ, ಮೊಳೆ ಹೊಡೆದ ಅಲ್ಯೂಮಿನಿಯಂ ಬಿಲ್ಲೆ, ಎಂಬತ್ತರ ದಶಕದಲ್ಲಿ ಹಸ್ಕಿ ಹಂಟರ್‌ನಂಥ ಭಾರದ ಕೈಗಣಕ. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ಅಲ್ಲಿಯವರೆಗೆ ಜನಸಾಮಾನ್ಯರ ಉಪಕರಣ ನೂರು ಮೀಟರಿನಷ್ಟು ತಪ್ಪಬಹುದಿತ್ತು. ಅಂದರೆ ಮರ ಪಕ್ಕದ ಬೀದಿಗೇ ಹೋಗುತ್ತಿತ್ತು.

ಪೇಟೆಯನ್ನು ನಿಜವಾಗಿ ಅಲುಗಿಸಿದ್ದು 2006ರಲ್ಲಿ ಬಂದ, ಮರಗಳಿಂದ ಸಿಗುವ ಲಾಭವನ್ನು ಲೆಕ್ಕ ಹಾಕುವ ಐ-ಟ್ರೀ ತಂತ್ರಾಂಶ. ಡೇವಿಡ್ ನೊವಾಕ್ ಕಟ್ಟಿದ ಯೂಫೋರ್, ಗ್ರೆಗ್ ಮೆಕ್‌ಫರ್ಸನ್ ತಂಡದ ಸ್ಟ್ರೇಟಮ್ ಎಂಬ ಎರಡು ಲೆಕ್ಕದ ಮಾದರಿಗಳನ್ನು ಒಂದೇ ಚೀಲದಲ್ಲಿ ಹಾಕಿ ಅಮೆರಿಕದ ಅರಣ್ಯ ಸೇವೆ ಪುಕ್ಕಟೆ ಕೊಟ್ಟಿತು. ನ್ಯೂಯಾರ್ಕಿನ 2005ರ ಬೀದಿಮರ ಗಣತಿಯನ್ನು ಸ್ಟ್ರೇಟಮ್‌ಗೆ ಹಾಕಿದಾಗ, ಮರಕ್ಕೆ ಖರ್ಚಾದ ಪ್ರತಿ ಡಾಲರಿಗೆ 5.60 ಡಾಲರಿನ ಲಾಭ ಎಂಬ ಉತ್ತರ ಬಂತು. ಮೇಯರ್‌ಗಳಿಗೆ ಇಂಥ ಅಂಕಿ ಬಲು ಇಷ್ಟ; ಇಷ್ಟೊಂದು ಇಷ್ಟವಾಗಬಾರದಿತ್ತು. ನೆರಳು, ಇಂಗಾಲಗಳ ಲೆಕ್ಕವನ್ನೇ ಮಾರುತ್ತಿದ್ದವರ ಅನ್ನಕ್ಕೆ ಕಲ್ಲು ಬಿತ್ತು. ಆದರೆ ಯಾವ ಕೊಂಬೆಯನ್ನು ಯಾರು ಯಾವಾಗ ಸವರಬೇಕು ಎಂಬುದು ಐ-ಟ್ರೀಯ ಉದ್ದೇಶವಾಗಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಆ್ಯಪ್‌ಗೆ ಉಳಿದ ಜಾಗ ಅದೇ.

2008ರಲ್ಲಿ ಆ್ಯಪ್ ಸ್ಟೋರ್ ತೆರೆದ ಮೇಲೆ ನಮ್ಮ ಪೀಳಿಗೆಯ ಆ್ಯಪ್ ತಯಾರಕರು ಆ ಜಾಗಕ್ಕೆ ನುಗ್ಗಿದೆವು. ನಮ್ಮಲ್ಲಿ ಎರಡು ಪಂಗಡ. ಒಂದು ನಕ್ಷೆಯವರದು: ಬಣ್ಣಬಣ್ಣದ ಚುಕ್ಕಿ, ಆಯುಕ್ತರಿಗೆ ತೋರಿಸಲು ಡ್ಯಾಶ್‌ಬೋರ್ಡ್. ಇನ್ನೊಂದು ವರದಿಯವರದು. ನಾನು ಎರಡನೆಯದಕ್ಕೆ ಸೇರಿದವನು, ಪಕ್ಷಪಾತ ಇದ್ದದ್ದೇ. ಬ್ರಿಟನ್ನಿನ ಸಲಹೆಗಾರರನ್ನು ನೋಡಿ: ಅಲ್ಲಿ ನಿವೇಶನದ ಮರಗಳ ಸಮೀಕ್ಷೆಗೆ ಬಿಎಸ್ 5837 ಎಂಬ ಮಾನಕವಿದೆ. ಕಾಂಡದ ವ್ಯಾಸವನ್ನು ನೆಲದಿಂದ 1.5 ಮೀಟರ್ ಎತ್ತರದಲ್ಲಿ ಅಳೆಯಬೇಕು. ಅದರ 12 ಪಟ್ಟು ತ್ರಿಜ್ಯದ ವೃತ್ತ ಬೇರಿನ ರಕ್ಷಣಾ ವಲಯ. ಮರವನ್ನು ಎ, ಬಿ, ಸಿ, ಯು ಎಂದು ವಿಂಗಡಿಸಿ ನಕ್ಷೆಯಲ್ಲಿ ಕ್ರಮವಾಗಿ ಹಸಿರು, ನೀಲಿ, ಬೂದು, ಕೆಂಪು ಹಚ್ಚಬೇಕು. ಹಗಲೆಲ್ಲ ಅಳೆದು ಬಂದವನು ರಾತ್ರಿ ಕೂತು ಇದನ್ನೆಲ್ಲ ಕೋಷ್ಟಕಕ್ಕೆ ಇಳಿಸುತ್ತಿದ್ದ. ಒಳ್ಳೆಯ ಆ್ಯಪ್ ಉಳಿಸಿದ್ದು ಆ ರಾತ್ರಿಗಳನ್ನು. ಆತ ಹಣ ಕೊಟ್ಟದ್ದೂ ಅದಕ್ಕೇ. ಹಾಗಿದ್ದೂ ನಾವು ತಲೆಗಿಷ್ಟು, ತಿಂಗಳಿಗಿಷ್ಟು ಎಂಬ ಚಂದಾ ಹಿಡಿದು ಕೂತೆವು. ಕೆಲಸ ಬಂದಾಗ ಮಾತ್ರ ಆ್ಯಪ್ ತೆರೆಯುವ ಒಂಟಿ ಆರ್ಬರಿಸ್ಟ್‌ಗೆ ಅದು ಹೊಂದುವುದಿಲ್ಲ. ಅವನು ಒಡಿಕೆ, ಕ್ಯೂಫೀಲ್ಡ್‌ಗಳಂಥ ಬಿಟ್ಟಿ ಸಾಧನಗಳತ್ತ ಹೋದರೆ ಅವನನ್ನು ಜಿಪುಣ ಎನ್ನಲಾಗದು.

ನ್ಯೂಯಾರ್ಕಿನ 2015ರ ಗಣತಿ ಇನ್ನೊಂದು ಪಾಠ. ಎತ್ತರದ ಕಟ್ಟಡಗಳ ನಡುವೆ ಫೋನಿನ ಜಿಪಿಎಸ್ ನಂಬದೆ, ಟ್ರೀಕಿಟ್ ವಿಧಾನದಲ್ಲಿ ಸ್ವಯಂಸೇವಕರು ಬೀದಿಯ ಮೂಲೆಯಿಂದ ಅಳತೆ ಚಕ್ರ ಉರುಳಿಸಿಕೊಂಡು ಹೋದರು. 6,66,134 ಮರಗಳು ತಂತಮ್ಮ ಜಾಗದಲ್ಲಿ ಕೂತವು. ನಕ್ಷೆ ಪಂಗಡದವರು ಇದನ್ನು ತಮ್ಮ ಗೆಲುವು ಎನ್ನುತ್ತಾರೆ; ಗೆದ್ದದ್ದು ಚಕ್ರ.

ನಮ್ಮಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಷ್ಟು ಹಳೆಯದು. ಗಣತಿ ವೃಕ್ಷ ಪ್ರಾಧಿಕಾರದ ಕರ್ತವ್ಯ ಎಂದು ಅದರಲ್ಲೇ ಇದ್ದರೂ, ಬೆಂಗಳೂರಿನಲ್ಲಿ ಅದನ್ನು ನೆನಪಿಸಲು ಹೈಕೋರ್ಟೇ ಬೇಕಾಯಿತು. ಟೆಂಡರ್ ಎಂದ ಮೇಲೆ ಮರಕ್ಕಿಷ್ಟು ಎಂಬ ದರ, ಕಡಿಮೆ ಕೂಗಿದವನಿಗೆ ಕೆಲಸ. ಫಲಿತಾಂಶ ಕಡತದಲ್ಲೇ ಕಾಣುತ್ತದೆ. ಒಂದು ಊರಿನ ದತ್ತಾಂಶದಲ್ಲಿ ಇಡೀ ರಸ್ತೆಯ ಹೊಂಗೆ, ಮಳೆಮರ, ತಬೂಬಿಯಾಗಳಿಗೆಲ್ಲ ಎತ್ತರ ಎಂಟೇ ಮೀಟರ್. ಎಣಿಸುವ ಹುಡುಗನನ್ನು ಬೈದು ಫಲವಿಲ್ಲ. ಅಳೆಯಲು ನಿಂತರೆ ಅವನ ಕೂಲಿ ಗಿಟ್ಟುವುದಿಲ್ಲ. ನಮೂನೆಗಳೂ ಹೊರಗಿನವೇ. ಐ-ಟ್ರೀ ಇಕೊದಲ್ಲಿ ಒಂದು ಮರಕ್ಕೆ ಆರು ಕಾಂಡದವರೆಗೆ ಬರೆಯಬಹುದು. ಬಿಳಲು ಇಳಿಬಿಟ್ಟ ಆಲದ ಮುಂದೆ ಟೇಪು ಹಿಡಿದು ನಿಂತವನಿಗೆ ಯಾವ ಆರನ್ನು ಬರೆಯಲಿ ಎಂಬುದೇ ಪ್ರಶ್ನೆ. ಆಲ, ಅರಳಿ, ಅತ್ತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಮೂನೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಮರುಭೇಟಿಯಂತೂ ಎಲ್ಲ ಕಡೆಯೂ ಅನಾಥ. ಮೊದಲ ಎಣಿಕೆಗೆ ಅನುದಾನ ಬರುತ್ತದೆ. ಮೂರು ವರ್ಷದ ನಂತರ ಅದೇ ಕವಲಿನ ಸೀಳು ಎಷ್ಟು ಅಗಲವಾಯಿತು ಎಂದು ನೋಡಲು ಬರುವುದಿಲ್ಲ. ಇದರ ಜೊತೆಗೆ ಪರವಾನಗಿಯ ಬೆಲೆ ದಾಖಲೆಗಳ ಸಂಖ್ಯೆಯ ಮೇಲೆ ನಿಂತಿದ್ದರೆ, ಬಿದ್ದ ಮರದ ದಾಖಲೆಯನ್ನು ಅಳಿಸಿಹಾಕುವುದೇ ಗ್ರಾಹಕನಿಗೆ ಉಳಿತಾಯ. ಯಾವ ಜಾತಿ, ಯಾವ ಮಣ್ಣಿನಲ್ಲಿ, ಎಷ್ಟನೇ ವರ್ಷಕ್ಕೆ, ಯಾವ ದೋಷದಿಂದ ಬಿತ್ತು ಎಂಬ ಮಾಹಿತಿ ಅಲ್ಲಿಗೆ ಹೋಯಿತು. ಮುಂದಿನ ಗಾಳಿಮಳೆಗೆ ಮುನ್ನ ಆರ್ಬರಿಸ್ಟ್‌ಗೆ ಬೇಕಾಗುವುದು ಅದೇ. ಸತ್ತ ಮರ, ಖಾಲಿ ಗುಂಡಿಗಳ ದಾಖಲೆಗೆ ಶುಲ್ಕವಿಲ್ಲ, ಮರುಪರೀಕ್ಷೆಗೆ ಮಾತ್ರ ಶುಲ್ಕ ಎಂಬ ದರಪಟ್ಟಿ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಒಪ್ಪುವಂತೆ ಟೆಂಡರ್ ನಮೂನೆಯನ್ನು ತಿದ್ದಿಸುವುದಕ್ಕೇ ವರ್ಷಗಳು ಹಿಡಿಯುತ್ತವೆ.