ಕೋಸಂಬರಿ ಕಲಸಿದ ಕೈ

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು. ಪಾಣಿಪತ್ ಕದನ, ಶ್ರೀರಂಗಪಟ್ಟಣದ ಒಪ್ಪಂದ ಇವೆಲ್ಲ ನಿದ್ದೆಯಲ್ಲಿ ಕೇಳಿದರೂ ಬರುತ್ತವೆ. ಆದರೆ ವಾಂತಿ-ಭೇದಿಗೂ ಒಂದು ಇತಿಹಾಸವಿದೆ, ಅದರ ಯಾವುದೋ ಮೂಲೆಯಲ್ಲಿ ನಾನೂ ಇದ್ದಿರಬಹುದು ಎಂದು ತಿಳಿದದ್ದು ಕೂದಲು ನೆರೆತ ಮೇಲೆ, ನರ್ಸಿಂಗ್ ಓದುತ್ತಿದ್ದ ಮಗಳ ಪುಸ್ತಕ ತಿರುವಿದಾಗ.

ಅಮೆರಿಕದ ಒಹಾಯೋ ರಾಜ್ಯದಲ್ಲಿ ನಾರ್ವಾಕ್ ಎಂಬ ಸಣ್ಣ ಊರಿದೆ. 1968ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡೇ ದಿನದೊಳಗೆ ಮಕ್ಕಳು, ಉಪಾಧ್ಯಾಯರು ಸೇರಿ ಅರ್ಧಕ್ಕರ್ಧ ಜನ ಮಲಗಿಬಿಟ್ಟರು. ಬಹುಪಾಲು ಎಲ್ಲರಿಗೂ ಹೊಟ್ಟೆ ತೊಳಸಿ ವಾಂತಿ, ಕೆಲವರಿಗೆ ಭೇದಿ. ಒಂದು ದಿನ ಕಳೆಯುವುದರೊಳಗೆ ಎದ್ದು ಓಡಾಡಿದರು. ಅಷ್ಟರಲ್ಲಿ ಅವರ ಮನೆಯವರಲ್ಲಿ ಮೂವರಲ್ಲಿ ಒಬ್ಬರಂತೆ ಹಾಸಿಗೆ ಹಿಡಿದಿದ್ದರು. ವೈದ್ಯರಿಗೆ ಇದು ಹೊಸದೇನಲ್ಲ. 1929ರಲ್ಲೇ ಜಾನ್ ಝಹೋರ್‌ಸ್ಕಿ ಎಂಬ ಮಕ್ಕಳ ವೈದ್ಯರು ಇಂಥ ಕಾಯಿಲೆಗೆ 'ಚಳಿಗಾಲದ ವಾಂತಿರೋಗ' ಎಂದು ಹೆಸರಿಟ್ಟಿದ್ದರು. ಹೆಸರಿತ್ತು, ಕಾರಣ ಮಾತ್ರ ಗೊತ್ತಿರಲಿಲ್ಲ. ನಾರ್ವಾಕ್‌ನಲ್ಲೂ ಎಷ್ಟು ಹುಡುಕಿದರೂ ಬ್ಯಾಕ್ಟೀರಿಯಾ ಸಿಗಲಿಲ್ಲ.

ರೋಗಿಗಳ ಮಲದ ಮಾದರಿಗಳನ್ನು ಕಾಪಿಟ್ಟಿದ್ದರು. ಅದನ್ನು ಸೋಸಿ ಸ್ವಯಂಸೇವಕರಿಗೆ ಕೊಟ್ಟಾಗ ಅವರಿಗೂ ಕಾಯಿಲೆ ಬಂತು. (ಸ್ವಯಂಸೇವಕರಲ್ಲಿ ಜೈಲಿನ ಕೈದಿಗಳೂ ಇದ್ದರಂತೆ, ಓದಿ ನನಗೆ ಮುಜುಗರವಾಯಿತು.) 1972ರಲ್ಲಿ ಆಲ್ಬರ್ಟ್ ಕಪೀಕಿಯನ್ ಎಂಬ ವಿಜ್ಞಾನಿ ಒಂದು ಜಾಣತನ ಮಾಡಿದರು. ಕಾಯಿಲೆಯಿಂದ ಎದ್ದವರ ರಕ್ತದಲ್ಲಿ ಆ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳಿರುತ್ತವಲ್ಲ, ಆ ರಕ್ತಸಾರವನ್ನು ಮಾದರಿಗೆ ಬೆರೆಸಿದರು. ಚದುರಿದ್ದ ಕಣಗಳು ಒಡೆದ ಹಾಲಿನಂತೆ ಗುಂಪುಗೂಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡವು. ಒಂದೊಂದೂ 27 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ 37,000 ಕಣ ಸಾಲಾಗಿ ಕೂರಬಹುದು! ಊರಿನ ಹೆಸರೇ ವೈರಸ್ಸಿಗೂ ಬಂತು. ಈಗ ಅದನ್ನು ನೋರೋವೈರಸ್ ಎನ್ನುತ್ತಾರೆ. ಮರುವರ್ಷ, 1973ರಲ್ಲಿ, ಮೆಲ್ಬೋರ್ನ್‌ನಲ್ಲಿ ರೂತ್ ಬಿಷಪ್ ಎಂಬ ಮಹಿಳೆ ತಮ್ಮ ಸಂಗಡಿಗರೊಂದಿಗೆ ಎಳೆಮಕ್ಕಳ ಭೇದಿಗೆ ಕಾರಣವಾದ ರೋಟಾವೈರಸ್ಸನ್ನು ಕಂಡುಹಿಡಿದರು. ರೋಟಾಕ್ಕೆ ಲಸಿಕೆ ಬಂದು ನಮ್ಮ ದೇಶದ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೂ 2016ರಿಂದ ಸೇರಿದೆ. ನೋರೋ ಮಾತ್ರ ಇನ್ನೂ ಆಟವಾಡಿಸುತ್ತಲೇ ಇದೆ.

ಆ ಪುಸ್ತಕ ಓದುತ್ತಾ ನನ್ನ ಕೈ ತಣ್ಣಗಾದದ್ದು ಅದು ಹರಡುವ ಬಗೆಯನ್ನು ಓದಿದಾಗ. ಹತ್ತಿಪ್ಪತ್ತು ಕಣ ಹೊಟ್ಟೆ ಸೇರಿದರೂ ಸಾಕಂತೆ. ವಾಂತಿಯ ತುಂತುರಿನಿಂದಲೂ ಬರುತ್ತದೆ. ಹನ್ನೆರಡು ಗಂಟೆಯಿಂದ ಎರಡು ದಿನದೊಳಗೆ ಹೊಟ್ಟೆ ಕೆಡುತ್ತದೆ. ಗುಣವಾದ ಮೇಲೂ ಕೆಲವು ದಿನ, ಕೆಲವರಲ್ಲಿ ವಾರಗಟ್ಟಲೆ, ಮಲದಲ್ಲಿ ವೈರಸ್ ಹೊರಬರುತ್ತಿರುತ್ತದೆ. ವಾಂತಿ-ಭೇದಿ ನಿಂತು ಎರಡು ದಿನವಾದರೂ ಆಗುವವರೆಗೆ ಅಡುಗೆಗೆ ಕೈ ಹಚ್ಚಬಾರದು. ಈಗಿನ ಸ್ಯಾನಿಟೈಸರ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ, ಸೋಪು ಹಚ್ಚಿ ತಿಕ್ಕಿಯೇ ತೊಳೆಯಬೇಕು. ಚೆನ್ನಾಗಿ ಕುದಿಸಿದರೆ ಸಾಯುತ್ತದೆ.

2006ರಲ್ಲಿ ನಮ್ಮ ಶಾಲೆಯಲ್ಲಿ ಶಾರದಾ ಪೂಜೆ. ಅದೇ ವಾರ ಮಂಗಳವಾರ ಒಂದು ಹುಡುಗಿ ತರಗತಿಯಲ್ಲೇ ವಾಂತಿ ಮಾಡಿಕೊಂಡಳು. ಬೂದಿ ಹಾಕಿ ನಾನೇ ಬಳಿದೆ. ಬುಧವಾರ ರಾತ್ರಿಯಿಂದ ನನಗೂ ಹೊಟ್ಟೆ ಸರಿಯಿಲ್ಲ, ಗುರುವಾರ ರಜೆ ಹಾಕಿದೆ. ಶುಕ್ರವಾರ ಹಗುರವಾಗಿತ್ತು. ಪೂಜೆಯ ದಿನ ತಪ್ಪಿಸಿಕೊಳ್ಳುವುದೇ? ಹೋದವಳು ಸೌತೆಕಾಯಿ ಹೆಚ್ಚಿ, ಹೆಸರುಬೇಳೆ, ಕಾಯಿತುರಿ ಹಾಕಿ, ಎರಡು ಪಾತ್ರೆ ಕೋಸಂಬರಿ ಕೈಯಿಂದಲೇ ಕಲಸಿದೆ. ಸೌಟಿನಲ್ಲಿ ಕಲಸಿದರೆ ರುಚಿ ಬರುವುದಿಲ್ಲವೆಂದು ನಗೆಯಾಡಿದ್ದೂ ನೆನಪಿದೆ.

ಭಾನುವಾರದ ಹೊತ್ತಿಗೆ ಮನೆಮನೆಯಲ್ಲೂ ಮಕ್ಕಳ ವಾಂತಿ. ಸೋಮವಾರ ತರಗತಿಗಳು ಅರ್ಧ ಖಾಲಿ. ಬುಧವಾರ ತಾಯಂದಿರು ಮಲಗಿದರು. ನೀರಿನ ತೊಟ್ಟಿ ತೊಳೆಸಿದರು. ಕೊನೆಗೆ ಎಲ್ಲರ ಬೆರಳೂ ಬಿಸಿಯೂಟದ ಅಡುಗೆಯಾಕೆಯ ಕಡೆಗೆ ತಿರುಗಿತು. ಸಾಂಬಾರಿನಲ್ಲಿ ಹಲ್ಲಿ ಬಿದ್ದಿತ್ತೆಂದು ಯಾರೋ ಹೇಳಿದರು, ಕಂಡವರಿಲ್ಲ. ಆಕೆ ವಿಧವೆ, ಎರಡು ಮಕ್ಕಳು. ಆ ತಿಂಗಳೇ ಕೆಲಸ ಹೋಯಿತು. ಸಭೆಯಲ್ಲಿ ನಾನೂ ಇದ್ದೆ, ಸುಮ್ಮನಿದ್ದೆ. ಆಗ ನನಗೇನೂ ತಿಳಿದಿರಲಿಲ್ಲ, ನಿಜ. ಆದರೆ ಆಕೆಯ ಪಾತ್ರೆ ಎಷ್ಟು ಶುಭ್ರವಾಗಿರುತ್ತಿತ್ತು ಎಂಬುದು ತಿಳಿದಿತ್ತಲ್ಲ.

ಯಾವ ಪರೀಕ್ಷೆಯೂ ಆಗಲಿಲ್ಲವಾದ್ದರಿಂದ ಕಾಯಿಲೆ ನನ್ನ ಕೈಯಿಂದಲೇ ಬಂತೆಂದು ಯಾರೂ ಸಾಧಿಸಲಾರರು. ದಿನಗಳನ್ನು ಲೆಕ್ಕ ಹಾಕಿದರೆ ಮಾತ್ರ ಸರಿಯಾಗಿ ಕೂಡುತ್ತದೆ.

ಹೋದ ವರ್ಷ ವಿಳಾಸ ಹುಡುಕಿಕೊಂಡು ಆಕೆಯ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಆಕೆ ಹೂ ಕಟ್ಟುತ್ತಾ ಕೇಳಿಸಿಕೊಂಡಳು. "ನನ್ನ ಸಾಂಬಾರು ಕೊತಕೊತ ಕುದ್ದಿತ್ತು ಟೀಚರ್, ಅಷ್ಟು ನನಗೆ ಗೊತ್ತಿತ್ತು" ಎಂದಳು. ಆಮೇಲೆ ಕಾಫಿ ಇಡಲು ಎದ್ದಳು.